ಫಾಸ್ಟರ್ ಕೇರ್‌ನ ಹುಡುಗಿಯರಿಗೆ ನಾನು ಜೀವನ ಕೌಶಲ ಕಲಿಸುವ ರೀತಿ

ಫಾಸ್ಟರ್ ಕೇರ್ ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಬೇರೊಂದು ಕುಟುಂಬ ತನ್ನ ಮನೆಯಲ್ಲಿಟ್ಟು ನೋಡಿಕೊಳ್ಳುವ ವ್ಯವಸ್ಥೆ. ಅಂಥ ಸಾಕು ಕುಟುಂಬಗಳಲ್ಲಿ ಬೆಳೆಯುತ್ತಿರುವ ಹದಿಹರೆಯದ ಹುಡುಗಿಯರಿಗೆ ಜೀವನ ಕೌಶಲ ಹೇಳಿಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಅಡುಗೆ, ಬಟ್ಟೆ ಒಗೆಯುವುದು, ಮನೆ ಚೊಕ್ಕಟ ಮಾಡುವುದು ಇವುಗಳಿಂದ ಶುರು ಮಾಡುತ್ತಾರೆ. ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಬಹಳ ಮಂದಿಗೆ ಅದೆಲ್ಲ ಆಗಲೇ ಬರುತ್ತದೆ. ಚಿಕ್ಕಂದಿನಲ್ಲೇ ತಮ್ಮ-ತಂಗಿಯರನ್ನು ನೋಡಿಕೊಂಡು ಒಲೆ ಮುಂದೆ ನಿಂತವರು ಅವರು. ಅವರಿಗೆ ರೂಢಿಯಿಲ್ಲದ್ದು ತಮ್ಮ ವಿಷಯದಲ್ಲಿ ತಾವೇ ತೀರ್ಮಾನ ಮಾಡುವುದು. ಯಾವ ಮನೆಯಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು, ಹೆತ್ತವರನ್ನು ಯಾವಾಗ ನೋಡಬಹುದು ಎಲ್ಲವನ್ನೂ ಬೇರೆಯವರೇ ಗೊತ್ತುಮಾಡಿರುತ್ತಾರೆ. ಹಾಗೆ ಬೆಳೆದವಳನ್ನು "ನಿನಗೇನು ಬೇಕಮ್ಮ?" ಎಂದು ಕೇಳಿದರೆ "ಏನಾದ್ರೂ ಪರವಾಗಿಲ್ಲ ಅಕ್ಕ" ಎನ್ನುತ್ತಾಳೆ. ನನ್ನ ಪಾಠ ಶುರುವಾಗುವುದು ಅಲ್ಲಿಂದ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಮೂಲ ಜೀವನ ಕೌಶಲಗಳನ್ನು ಗುರುತಿಸಿತು. ತೀರ್ಮಾನ ಕೈಗೊಳ್ಳುವುದು, ಸಮಸ್ಯೆ ಬಗೆಹರಿಸುವುದು, ಸ್ಪಷ್ಟವಾಗಿ ಮಾತನಾಡುವುದು, ಭಾವನೆಗಳನ್ನೂ ಒತ್ತಡವನ್ನೂ ನಿಭಾಯಿಸುವುದು ಅದರಲ್ಲಿವೆ. ಅಡುಗೆ ಆ ಪಟ್ಟಿಯಲ್ಲಿ ಇಲ್ಲ. ಇವನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಆಗುವುದಿಲ್ಲ, ಯಾವುದಾದರೂ ನಿಜವಾದ ಕೆಲಸ ಬೇಕು. ನಾನು ಹೆಚ್ಚಾಗಿ ಆರಿಸಿಕೊಳ್ಳುವ ಕೆಲಸ, ಫೋನ್ ಮಾಡಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು.

ಮೊದಲು ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆಸುತ್ತೇನೆ: ಹೆಸರು, ವಯಸ್ಸು, ಏನು ತೊಂದರೆ, ಯಾವ ದಿನ ಬರಲು ಆಗುತ್ತದೆ. ಆಮೇಲೆ ನಾನೇ ರಿಸೆಪ್ಷನಿಸ್ಟ್ ಆಗುತ್ತೇನೆ. ಒಮ್ಮೆ ನಯವಾಗಿ, ಒಮ್ಮೆ "ಡಾಕ್ಟರ್ ಇಲ್ಲ, ನಾಳೆ ಮಾಡಿ" ಎಂದು ಗಡುಸಾಗಿ ಉತ್ತರಿಸುತ್ತೇನೆ. ನಿಜವಾದ ಕರೆಯ ಹೊತ್ತಿಗೆ ಪಕ್ಕದಲ್ಲಿ ಕೂತಿರುತ್ತೇನೆ, ಫೋನ್ ಮಾತ್ರ ಇಸಿದುಕೊಳ್ಳುವುದಿಲ್ಲ. ಒಬ್ಬಳು "ನಮಸ್ಕಾರ" ಅನ್ನುವುದನ್ನೂ ಬರೆದಿಟ್ಟುಕೊಂಡಿದ್ದಳು. ಆ ಕಡೆಯಿಂದ "ನಿಮ್ಮ ತಾಯಿಗೆ ಕೊಡಿ" ಎಂದರು. ಅವಳ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, "ನಾನು ಸಾಕು ಕುಟುಂಬದಲ್ಲಿರೋದು. ವಿವರ ನಾನೇ ಹೇಳ್ತೀನಿ, ಒಪ್ಪಿಗೆ ಬೇಕಿದ್ರೆ ಅವರ ನಂಬರ್ ಕೊಡ್ತೀನಿ" ಎಂದಳು. ಅಪಾಯಿಂಟ್‌ಮೆಂಟ್ ಸಿಕ್ಕಿತು.

ಈಗ ಆ ಪ್ರಶ್ನೆಗೆ ಎಲ್ಲರನ್ನೂ ಮೊದಲೇ ತಯಾರು ಮಾಡುತ್ತೇನೆ. ತನ್ನ ಕಥೆಯನ್ನು ಯಾರಿಗೆ ಎಷ್ಟು ಹೇಳಬೇಕು ಅನ್ನುವುದು ಅವಳ ಹಕ್ಕು. ಅಪರಿಚಿತರಿಗೆ ಒಂದೇ ಸಾಲು, ಟೀಚರಿಗೆ ಇನ್ನಷ್ಟು, ನಂಬಿಕೆಯವರಿಗೆ ಮನಸ್ಸು ಬಂದಷ್ಟು. ಮೂರನ್ನೂ ಅವಳ ಮಾತಿನಲ್ಲೇ ಬರೆಸಿ ಬಾಯಲ್ಲಿ ಹೇಳಿಸುತ್ತೇನೆ.

ಮುಟ್ಟಿನ ವಿಷಯ ನಾಚಿಕೆ ಬಿಟ್ಟು, ಲೆಕ್ಕ ಸಮೇತ ಹೇಳಬೇಕು. ಮನೆ ಬದಲಾಯಿಸುವ ಗಡಿಬಿಡಿಯಲ್ಲೇ ಮೊದಲ ಮುಟ್ಟಾಗಿ ಯಾರೂ ಏನೂ ಹೇಳಿಕೊಡದ ಹುಡುಗಿಯರಿದ್ದಾರೆ. ಹದಿಹರೆಯದಲ್ಲಿ 21ರಿಂದ 45 ದಿನಕ್ಕೊಮ್ಮೆ ಆಗುವುದು ಸಹಜ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಅಥವಾ 15 ವರ್ಷವಾದರೂ ಮುಟ್ಟು ಶುರುವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ತಾರೀಕು ಬರೆದಿಡುವ ಅಭ್ಯಾಸ ಇಲ್ಲಿಂದಲೇ ಆಗುತ್ತದೆ.

ಹಣದ ವಿಷಯದಲ್ಲಿ ನನ್ನದೊಂದು ಗಟ್ಟಿ ನಿಯಮವಿದೆ. ತಿಂಗಳ ಖರ್ಚಿಗೆಂದು ಒಂದಿಷ್ಟು ಹಣ ಅವಳ ಕೈಗೆ ಕೊಡಿ, ಮುಗಿದರೆ ಮುಗಿಯಿತು, ಮಧ್ಯದಲ್ಲಿ ತುಂಬಿಕೊಡಬೇಡಿ ಎಂದು ಸಾಕು ಕುಟುಂಬದವರಿಗೆ ಹೇಳುತ್ತೇನೆ. ಆದರೆ ಊಟ, ಔಷಧಿ, ಪ್ಯಾಡ್ ಆ ಲೆಕ್ಕಕ್ಕೆ ಬರಲೇಬಾರದು. ಹಸಿವು ಕಂಡ ಮಗು ದಿಂಬಿನ ಕೆಳಗೆ ತಿಂಡಿ ಬಚ್ಚಿಡುವುದುಂಟು. ಅಂಥವಳಿಗೆ "ಹಣ ಉಳಿಸದಿದ್ದರೆ ಉಪವಾಸ" ಅನ್ನುವ ಪಾಠ ಹೆದರಿಕೆಯನ್ನೇ ಕಲಿಸುತ್ತದೆ. ಕ್ಲಿಪ್ಪು, ಫೋನ್ ರೀಚಾರ್ಜು, ಗೆಳತಿಗೆ ಉಡುಗೊರೆ ಇವುಗಳಲ್ಲಿ ಅವಳು ತಪ್ಪು ಲೆಕ್ಕ ಹಾಕಲಿ, ಅದಕ್ಕೆ ಪೂರ್ತಿ ಅವಕಾಶವಿರಲಿ.

ಪ್ರೀತಿಗೆ ಹಂಬಲಿಸುವ ಹುಡುಗಿಯನ್ನು ಮೋಸಗಾರರು ಬೇಗ ಗುರುತಿಸುತ್ತಾರೆ. ಉಡುಗೊರೆ, ಹೊಗಳಿಕೆ, ನಿಧಾನವಾಗಿ ಗೆಳತಿಯರಿಂದ ದೂರ ಮಾಡುವುದು, "ಇದು ನಮ್ಮಿಬ್ಬರ ಗುಟ್ಟು" ಅನ್ನುವುದು, ಕೊನೆಗೆ ಫೋಟೋ ಕೇಳುವುದು. ಈ ದಾರಿಯನ್ನು ಬಿಡಿಬಿಡಿಯಾಗಿ ತೋರಿಸುತ್ತೇನೆ. ಎಷ್ಟು ದೂರ ಹೋಗಿದ್ದರೂ ಬಂದು ಹೇಳಬಹುದು, ತಪ್ಪು ನಿನ್ನದಲ್ಲ ಎಂದು ಪ್ರತಿ ಸಲವೂ ಹೇಳುತ್ತೇನೆ.

ಪ್ರತಿಯೊಬ್ಬಳಿಗೂ ಒಂದು ಫೈಲು ಇರುತ್ತದೆ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಲಸಿಕೆ ದಾಖಲೆ, ಆರೈಕೆಗೆ ಸಂಬಂಧಿಸಿದ ಆದೇಶಗಳು, ಎಲ್ಲದರ ನಕಲು. ಮನೆ ಬದಲಾದಾಗೆಲ್ಲ ಮೊದಲು ಕಳೆದುಹೋಗುವುದು ಇವೇ. ಮಕ್ಕಳ ಪರ್ಯಾಯ ಆರೈಕೆ ಕುರಿತು ವಿಶ್ವಸಂಸ್ಥೆ 2009ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ, ಮಗುವಿನ ಬದುಕಿನ ಪ್ರತಿ ಹಂತದ ವಿವರ, ಫೋಟೋ, ನೆನಪಿನ ವಸ್ತುಗಳಿರುವ ಒಂದು ಪುಸ್ತಕವನ್ನೂ ಮಗುವಿನ ಜೊತೆಗೂಡಿ ಮಾಡಬೇಕು ಎನ್ನುತ್ತದೆ. ನಮ್ಮಲ್ಲಿ ಫೈಲು ತೆರೆಯಲು ಬೇಜಾರು ಪಡುವವರೂ ಈ ಪುಸ್ತಕ ತೆಗೆದರೆ ಏಳುವುದೇ ಇಲ್ಲ.

ಆರೈಕೆ ಬಿಟ್ಟು ಹೊರಡುವ ತಯಾರಿ ಅದಕ್ಕೆ ಬಹಳ ಮೊದಲೇ ಶುರುವಾಗಬೇಕೆಂದೂ ಅದೇ ಮಾರ್ಗಸೂಚಿಯಲ್ಲಿದೆ. ಹಾಗಾಗಿ ಅವಳು ಹೊರಡಲು ಇನ್ನೂ ಸಾಕಷ್ಟು ಸಮಯವಿರುವಾಗಲೇ, ನಡುರಾತ್ರಿಯೂ ಕರೆ ಮಾಡಬಹುದಾದ ಮೂವರ ಹೆಸರು ಬರೆಸುತ್ತೇನೆ. ಆ ಮೂವರಿಗೂ ಯಾವ ತೊಂದರೆಯೂ ಇಲ್ಲದ ಸಾಮಾನ್ಯ ದಿನದಲ್ಲಿ ಅವಳಿಂದ ಫೋನ್ ಮಾಡಿಸುತ್ತೇನೆ. "ಅವಳು ಹೊರಟ ಮೇಲೂ ಕರೆ ಎತ್ತುತ್ತೀರಾ?" ಎಂದು ಸಾಕು ಕುಟುಂಬದವರನ್ನೂ ನೇರವಾಗಿ ಕೇಳುತ್ತೇನೆ. ತಡವರಿಸಿದವರ ಹೆಸರನ್ನು ಪಟ್ಟಿಗೆ ಸೇರಿಸಲು ಬಿಡುವುದಿಲ್ಲ, ಅವಳ ಜೊತೆ ಕೂತು ಬೇರೊಬ್ಬರನ್ನು ಹುಡುಕುತ್ತೇನೆ.