ಅಡಿಕೆಯ ಕೊಳೆರೋಗ: ರೋಗಾಣುವಿನ ವೃದ್ಧಿಕ್ರಮವನ್ನು ಅರಿತು ಬೋರ್ಡೋ ಹೊಡೆಯುವ ವಿಧಾನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಮಳೆಗಾಲದ ಔಷಧಿಯಾದ ಬೋರ್ಡೋವನ್ನು, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣವನ್ನು, ಹೊಡೆಯುವ ಕೆಲಸ ಪ್ರತಿವರ್ಷವೂ ನಡೆಯುತ್ತದೆ. ಆದರೂ ಆಷಾಢ ಮುಗಿಯುವಷ್ಟರಲ್ಲಿ ಕೆಲವು ತೋಟಗಳ ಮರದ ಬುಡಗಳಲ್ಲಿ ಎಳೆಯ ಹಸಿರು ಕಾಯಿಗಳು ಉದುರಿ ಹಾಸಿಕೊಂಡಿರುತ್ತವೆ. ಔಷಧಿ ಹೊಡೆದ ಮೇಲೂ ಕೊಳೆ ಬಂದಿತೆಂದರೆ, ಅದು ಯಾವ ಹಂತದಲ್ಲಿ ಕಾಯಿಯನ್ನು ಮುಟ್ಟಿತು, ಆ ಹೊತ್ತಿಗೆ ಕಾಯಿಯ ಮೇಲೆ ತಾಮ್ರದ ಲೇಪವಿತ್ತೇ ಎಂಬುದನ್ನು ಮೊದಲು ವಿಚಾರಿಸಬೇಕು. ಈ ರೋಗಾಣು ಸಂತಾನವನ್ನು ಬೆಳೆಸುವ ಬಗೆಯನ್ನು ಸರಿಯಾಗಿ ತಿಳಿದುಕೊಂಡರೆ ಯಾವಾಗ ಹೊಡೆಯಬೇಕು, ಎಲ್ಲಿಗೆ ಹೊಡೆಯಬೇಕು, ಹೊಡೆದ ನಂತರ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರೋಗಾಣು ಹೇಗೆ ವೃದ್ಧಿಯಾಗುತ್ತದೆ

ಕೊಳೆರೋಗಕ್ಕೆ ಕಾರಣವಾದ ಜೀವಿ ಫೈಟಾಪ್ತೊರಾ ಕುಲಕ್ಕೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗವನ್ನು ಕುರಿತು ವಿವರವಾಗಿ ಬರೆದರು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಕ್ಷಾಮ ತಂದ ಅಂಗಮಾರಿಯ ರೋಗಾಣುವೂ ಇದೇ ಕುಲದ್ದು. ರೂಢಿಯಲ್ಲಿ ಇದನ್ನು ಶಿಲೀಂಧ್ರವೆಂದು ಕರೆಯುತ್ತೇವಾದರೂ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ನೀರನ್ನು ಅವಲಂಬಿಸಿದ ಪ್ರತ್ಯೇಕ ಗುಂಪಿನಲ್ಲಿ ಇರಿಸಿದ್ದಾರೆ. ನಿಜವಾದ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಪ್ರಧಾನವಾಗಿದ್ದರೆ ಇದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಮತ್ತು ಗ್ಲೂಕನ್‌ಗಳಿವೆ. ಔಷಧಿಯ ಆಯ್ಕೆಯಲ್ಲಿ, ಇದು ನಿಜವಾದ ಶಿಲೀಂಧ್ರವಲ್ಲ ಎಂಬುದಕ್ಕೆ ಮಹತ್ವವಿದೆ. ಅದನ್ನು ಮುಂದೆ ಹೇಳುತ್ತೇನೆ.

ರೋಗ ತಗುಲಿದ ಕಾಯಿಯ ಮೇಲೆ ಕಾಣುವ ಬಿಳಿ ಬೂಷ್ಟಿನ ಎಳೆಗಳ ತುದಿಯಲ್ಲಿ ನಿಂಬೆಕಾಯಿಯ ಆಕಾರದ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಬೀಜಾಣುಚೀಲಗಳು ಹುಟ್ಟುತ್ತವೆ. ಮಳೆಹನಿಯ ಚಿಮ್ಮುವಿಕೆಯಿಂದ, ಗಾಳಿಮಳೆಯಿಂದ ಇವು ಕೊನೆಯಿಂದ (ಅಡಿಕೆ ಗೊಂಚಲಿನಿಂದ) ಕೊನೆಗೆ, ಮರದಿಂದ ಮರಕ್ಕೆ ಸಾಗುತ್ತವೆ. ಕಾಯಿಯ ಮೇಲೆ ನೀರಿನ ತೆಳುವಾದ ಪದರವಿದ್ದು ಹವೆ ತಂಪಾಗಿದ್ದರೆ ಒಂದೊಂದು ಚೀಲವೂ ಒಡೆದು, ಎರಡೆರಡು ಬಾಲದಂತಹ ಕಶಾಂಗಗಳುಳ್ಳ ಹಲವು ಈಜುವ ಬೀಜಾಣುಗಳನ್ನು ಹೊರಬಿಡುತ್ತದೆ. ಅವು ಆ ನೀರಿನಲ್ಲಿ ಈಜಿ ತಕ್ಕ ಜಾಗವನ್ನು ತಲುಪಿದ ಮೇಲೆ ಕಶಾಂಗಗಳನ್ನು ಕಳಚಿ, ದುಂಡಗಾಗಿ ಅಂಟಿಕೊಂಡು, ಮೊಳಕೆಯೊಡೆದು ಅಂಗಾಂಶದೊಳಗೆ ನುಗ್ಗುತ್ತವೆ. ಬೀಜಾಣು ಹೊರಗೆ, ನೀರಿನಲ್ಲಿ ಇರುವ ಈ ಅಲ್ಪಾವಧಿಯಲ್ಲಿ ಮಾತ್ರ ಬೋರ್ಡೋ ದ್ರಾವಣ ಅದನ್ನು ಕೊಲ್ಲಬಲ್ಲದು. ಒಳಹೊಕ್ಕ ಎಳೆಯನ್ನು ಮೇಲ್ಮೈಯ ತಾಮ್ರ ತಲುಪುವುದಿಲ್ಲ. ಹೊಸದಾಗಿ ರೋಗ ತಗುಲಿದ ಕಾಯಿಯ ಮೇಲೆ ಮತ್ತೆ ಬೂಷ್ಟು ಬಂದು, ಮತ್ತೆ ಬೀಜಾಣುಚೀಲಗಳಾಗಿ, ಈ ಚಕ್ರವು ಒಂದೇ ಮಳೆಗಾಲದಲ್ಲಿ ಹಲವು ಸುತ್ತು ತಿರುಗುತ್ತದೆ.

ಇದು ನಿರ್ಲಿಂಗ ರೀತಿಯ ವೃದ್ಧಿ. ಇದಲ್ಲದೆ ಎ1 ಮತ್ತು ಎ2 ಎಂಬ ಎರಡು ಬಗೆಯ ತಳಿಗಳು ಒಂದೆಡೆ ಸೇರಿದಾಗ ಲೈಂಗಿಕ ರೀತಿಯಲ್ಲಿ ದಪ್ಪ ಗೋಡೆಯ ಬೀಜಾಣುಗಳು ಹುಟ್ಟಬಲ್ಲವು. ಎಳೆಗಳಿಂದಲೇ ನೇರವಾಗಿ ರೂಪುಗೊಳ್ಳುವ ದಪ್ಪ ಗೋಡೆಯ ಬೀಜಾಣುಗಳೂ ಉಂಟು. ಇಂತಹವು ಬೇಸಗೆಯನ್ನು ಸಹಿಸಿಕೊಂಡು ಉಳಿಯುತ್ತವೆ. ಬಿದ್ದ ಕಾಯಿ, ಮರದಲ್ಲಿಯೇ ಒಣಗಿ ನೇತಾಡುವ ಹಳೆಯ ಕೊನೆ, ಸುಳಿ ಕೊಳೆತ ಮರ, ಮಣ್ಣು ಇವು ರೋಗಾಣುವಿನ ಆಶ್ರಯಗಳು.

ಗುರುತಿಸುವುದು

ಮುಂಗಾರು ಹಿಡಿದ ಹದಿನೈದು ಇಪ್ಪತ್ತು ದಿನಗಳಲ್ಲಿ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆ ಮೂಡುತ್ತದೆ. ಕಲೆ ಹಬ್ಬಿದಂತೆ ಕಾಯಿ ತನ್ನ ಹೊಳಪನ್ನು ಕಳೆದುಕೊಂಡು ಉದುರುತ್ತದೆ. ಎಳೆಕಾಯಿ ಬೇರೆ ಕಾರಣಗಳಿಂದಲೂ ಉದುರುವುದರಿಂದ, ಸಂಶಯವಿದ್ದಾಗ ಅಂತಹ ನಾಲ್ಕೈದು ಕಾಯಿಗಳನ್ನು ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿಟ್ಟು ಮುಚ್ಚಿಡಬೇಕು. ಕೊಳೆರೋಗವಾಗಿದ್ದರೆ ಒಂದೆರಡು ದಿನಗಳಲ್ಲಿ ಕಲೆಯ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು ಎದ್ದು, ಕ್ರಮೇಣ ಇಡೀ ಕಾಯಿಯನ್ನು ಆವರಿಸುತ್ತದೆ. ಎಲ್ಲರ ಮನೆಯಲ್ಲೂ ಮಾಡಬಹುದಾದ ಈ ಪರೀಕ್ಷೆಯನ್ನು ಮಾಡದೆಯೇ ಅಂಗಡಿಗೆ ಓಡುವವರು ಹೆಚ್ಚು ಎಂಬುದು ಬೇಸರದ ಸಂಗತಿ.

ಹೊಡೆಯುವ ಕಾಲ

ತಾಮ್ರವು ರಕ್ಷಕವೇ ಹೊರತು ಚಿಕಿತ್ಸೆಯಲ್ಲ. ಆದ್ದರಿಂದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನವೇ, ಅಂದರೆ ರೋಹಿಣಿ ಮಳೆಯ ಅವಧಿಯಲ್ಲಿ, ತಡವಾದರೂ ಮೃಗಶಿರದ ಮೊದಲ ಬಿಡುವಿನಲ್ಲಿ ಮುಗಿದಿರಬೇಕು. ಎರಡನೆಯದನ್ನು 40ರಿಂದ 45 ದಿನಗಳ ನಂತರ, ಸಾಮಾನ್ಯವಾಗಿ ಪುನರ್ವಸು ಅಥವಾ ಪುಷ್ಯ ಮಳೆಯ ನಡುವೆ ಸಿಗುವ ಹೊಳವಿನಲ್ಲಿ ಹೊಡೆಯಬೇಕು. ಮಳೆ ಎಳೆದುಕೊಂಡು ಹೋದ ವರ್ಷ ಮೂರನೆಯದೂ ಬೇಕಾಗುತ್ತದೆ. ಉಷ್ಣಾಂಶ 20ರಿಂದ 23 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಗಾಳಿಯ ತೇವಾಂಶ ಶೇಕಡಾ 90ನ್ನು ಮೀರಿ, ಮಳೆಯೂ ಬಿಸಿಲೂ ಒಂದಾದ ಮೇಲೊಂದು ಬರುತ್ತಿದ್ದರೆ ರೋಗ ಅತಿವೇಗವಾಗಿ ಹರಡುವುದರಿಂದ, ಅಂತಹ ದಿನಗಳಲ್ಲಿ ಪಂಚಾಂಗದ ಲೆಕ್ಕಕ್ಕಿಂತ ಆಕಾಶದ ಸ್ಥಿತಿಯನ್ನೇ ಪ್ರಮಾಣವಾಗಿ ಹಿಡಿಯುವುದು ಒಳಿತು. ಜೂನ್ ಆರಂಭದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಒಂದೇ ಸಲ ಎಲ್ಲರಿಗೂ ಬೇಕಾಗುತ್ತಾರೆ. ಅವರನ್ನು ಮೇ ತಿಂಗಳಿನಲ್ಲಿಯೇ ಗೊತ್ತುಮಾಡಿಕೊಳ್ಳದಿದ್ದರೆ ಈ ವೇಳಾಪಟ್ಟಿಯೆಲ್ಲ ವ್ಯರ್ಥ.

ದ್ರಾವಣ ತಯಾರಿಸುವುದು

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ ಮತ್ತು 100 ಲೀಟರ್ ನೀರು ಬೇಕು. ಮೈಲುತುತ್ತವನ್ನು ಪುಡಿಮಾಡಿ 50 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ರಾತ್ರಿ ತೂಗುಬಿಟ್ಟರೆ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಇದಕ್ಕೆ ಪ್ಲಾಸ್ಟಿಕ್ ಡ್ರಮ್ ಉತ್ತಮ. ಕಬ್ಬಿಣದ ಅಥವಾ ತಗಡಿನ ಪಾತ್ರೆಯನ್ನು ಎಂದಿಗೂ ಬಳಸಬಾರದು, ಏಕೆಂದರೆ ಮೈಲುತುತ್ತ ಕಬ್ಬಿಣವನ್ನು ತಿಂದು ತನ್ನ ತಾಮ್ರವನ್ನು ಪಾತ್ರೆಗೇ ಕೊಟ್ಟುಬಿಡುತ್ತದೆ. ಸುಣ್ಣಕ್ಕೆ ಸ್ವಲ್ಪಸ್ವಲ್ಪವೇ ನೀರು ಹಾಕಿ ಅರಳಿಸಬೇಕು. ಅರಳುವಾಗ ಕುದಿದು ಸಿಡಿಯುವುದರಿಂದ ಮುಖವನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಅನಂತರ ಉಳಿದ ನೀರು ಸೇರಿಸಿ 50 ಲೀಟರ್ ಮಾಡಿ, ತೆಳುಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾಗಲು ಬಿಡಬೇಕು.

ಈಗ ಮೈಲುತುತ್ತದ ನೀರನ್ನು ಸುಣ್ಣದ ತಿಳಿಹಾಲಿಗೆ ನಿಧಾನವಾಗಿ ಸುರಿಯುತ್ತ, ಒಬ್ಬರು ಮರದ ಕೋಲಿನಿಂದ ಬಿಡದೆ ತಿರುವುತ್ತಿರಬೇಕು. ತಿರುಗುಮುರುಗಾಗಿ, ಅಂದರೆ ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಇಳಿಯುತ್ತವೆ. ಸರಿಯಾಗಿ ಆದ ದ್ರಾವಣ ಆಕಾಶದ ನೀಲಿಬಣ್ಣದ್ದಾಗಿದ್ದು ಕಣಗಳು ತಕ್ಷಣ ತಳ ಹಿಡಿಯುವುದಿಲ್ಲ. ಇದಾದ ಮೇಲೆ ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದೆಂದೂ ಬಿಡಿ ತಾಮ್ರ ಉಳಿದಿದೆಯೆಂದೂ ಅರ್ಥ. ಅಂತಹ ದ್ರಾವಣ ಎಳೆಕಾಯಿಯನ್ನೂ ಸಿಂಗಾರವನ್ನೂ ಸುಡುತ್ತದೆ. ಅಲಗು ಬೆಳ್ಳಗೆಯೇ ಉಳಿಯುವ ತನಕ ಸುಣ್ಣದ ನೀರನ್ನು ಸ್ವಲ್ಪಸ್ವಲ್ಪ ಸೇರಿಸುತ್ತ ಮತ್ತೆ ಮತ್ತೆ ಪರೀಕ್ಷಿಸಬೇಕು. ಜೋರು ಮಳೆಯ ನಮ್ಮ ಸೀಮೆಯಲ್ಲಿ ಅಂಟಿಗಾಗಿ ರಾಳದ ದ್ರಾವಣವನ್ನು ಸೇರಿಸಿಕೊಳ್ಳುವುದು ಅವಶ್ಯ. ತಯಾರಿಸಿದ ದ್ರಾವಣವನ್ನು ಅಂದೇ ಮುಗಿಸಬೇಕು. ಮರುದಿನಕ್ಕೆ ಉಳಿಸಿದರೆ ಅದರ ಅಂಟುವ ಗುಣ ಕುಂದುತ್ತದೆ. ಪಾತ್ರೆ ತೊಳೆದ ನೀರನ್ನು ಹಳ್ಳಕ್ಕೆ ಬಿಡಬಾರದು, ತಾಮ್ರ ಮೀನುಗಳಿಗೆ ವಿಷ.

1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಈ ಮಿಶ್ರಣದ ಉಪಯೋಗವನ್ನು ಪ್ರಕಟಪಡಿಸಿದ್ದು ದ್ರಾಕ್ಷಿಯ ಬೂಜುರೋಗಕ್ಕಾಗಿ, ಆ ರೋಗಾಣುವೂ ಫೈಟಾಪ್ತೊರಾದ ಗುಂಪಿನದೇ. ಒಂದೂವರೆ ಶತಮಾನ ಸಮೀಪಿಸುತ್ತಿದ್ದರೂ ಇದು ಇನ್ನೂ ಉಪಯುಕ್ತವಾಗಿದೆ.

ಹೊಡೆಯುವಾಗ ಗಮನಿಸಬೇಕಾದದ್ದು

ಕೊನೆಯ ಹೊರಮೈ ನೀಲಿಯಾದರೆ ಸಾಲದು. ಬೀಜಾಣು ಈಜಿ ಹೋಗುವುದು ಕಾಯಿಯ ತೊಟ್ಟಿನ ಸಂದಿಗೆ, ಕೊನೆಯ ಒಳಭಾಗಕ್ಕೆ. ನಾಜಲ್‌ನಿಂದ ಮಂಜಿನಂತೆ ಸಣ್ಣ ಹನಿ ಬರುವಂತೆ ಒತ್ತಡ ಹಿಡಿದು ಕೊನೆಯ ಸುತ್ತಲೂ, ಒಳಗೂ ತೋಯಿಸಬೇಕು. ಸುಳಿಯ ಭಾಗಕ್ಕೂ ತಗುಲಿಸಿದರೆ ಮುಂದೆ ಬರುವ ಸುಳಿಕೊಳೆಗೆ ತಡೆಯಾಗುತ್ತದೆ. ಲೇಪ ಒಣಗಲು ಕೆಲವು ಗಂಟೆಗಳ ಬಿಡುವು ಬೇಕಾದ್ದರಿಂದ ತುಂತುರಿನಲ್ಲಿ ಹೊಡೆಯುವುದು ಹಣವನ್ನು ತೊಳೆದುಬಿಡುವುದೇ ಸರಿ. ಹಿಂದಿನವರು ಅಡಿಕೆ ಹಾಳೆಯಿಂದ ಕೊಟ್ಟೆ (ಕೊನೆಗೆ ಹೊದಿಸುವ ಮುಚ್ಚಿಗೆ) ಮಾಡಿ ಮಳೆಗೆ ಮೊದಲೇ ಕೊನೆಗೆ ಕಟ್ಟುತ್ತಿದ್ದ ಕ್ರಮ ಇದೇ ತತ್ವದ ಮೇಲೆ ನಿಂತಿದೆ: ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಬೀಜಾಣುವಿಗೆ ಈಜಲು ದಾರಿಯಿಲ್ಲ. ಈಗ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರೂ ಇದ್ದಾರೆ.

ಎಲೆಚುಕ್ಕೆ ರೋಗಕ್ಕೆ ತಂದ ಪ್ರೊಪಿಕೊನಜೋಲನ್ನು ಕೊಳೆಗೆ ಹೊಡೆಯಬಾರದು. ಎಲೆಚುಕ್ಕೆಯನ್ನು ತರುವ ಕೊಲೆಟೊಟ್ರೈಕಮ್ ನಿಜವಾದ ಶಿಲೀಂಧ್ರ. ಅದರ ಬೀಜಾಣುಗಳಿಗೆ ಕಶಾಂಗವಿಲ್ಲ, ಅವು ಲೋಳೆಯಲ್ಲಿ ಅಂಟಿಕೊಂಡಿದ್ದು ಮಳೆಹನಿಯೊಂದಿಗೆ ಚಿಮ್ಮುತ್ತವೆ. ಪ್ರೊಪಿಕೊನಜೋಲ್ ತಡೆಯುವುದು ಶಿಲೀಂಧ್ರ ತನ್ನ ಕೋಶಪೊರೆಗಾಗಿ ತಾನೇ ತಯಾರಿಸಿಕೊಳ್ಳುವ ಎರ್ಗೋಸ್ಟೆರಾಲ್ ಎಂಬ ವಸ್ತುವನ್ನು. ಫೈಟಾಪ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಕಾರ್ಬೆಂಡಜಿಮ್ ಕೂಡ ಕೊಳೆಗೆ ನಾಟುವುದಿಲ್ಲ.

ಬಿದ್ದ ಕಾಯಿಗಳನ್ನು ಎರಡು ಮೂರು ದಿನಗಳಿಗೊಮ್ಮೆ ಹೆಕ್ಕಿ ತೋಟದಿಂದ ಹೊರಗೆ ಒಯ್ಯಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಕೊನೆಕೊಯ್ಲಿನ ನಂತರ ಒಣಗಿದ ಕೊನೆಗಳನ್ನೂ ಸುಳಿಕೊಳೆಯಿಂದ ಸತ್ತ ಮರದ ತಲೆಯನ್ನೂ ಇಳಿಸಿ ಸುಡಬೇಕು. ಬಸಿಗಾಲುವೆಗಳನ್ನು ಮೇ ತಿಂಗಳಿನಲ್ಲಿಯೇ ಹೂಳೆತ್ತಿ ನೀರು ನಿಲ್ಲದಂತೆ ಮಾಡಬೇಕು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ ಬರುವ ಶೀಘ್ರ ಸೊರಗುರೋಗದ ರೋಗಾಣು ಇದೇ ಕುಲದ ಇನ್ನೊಂದು ಪ್ರಭೇದವಾಗಿದ್ದು, ಮಣ್ಣಿನಿಂದ ಚಿಮ್ಮಿ ಕೆಳಗಿನ ಎಲೆಗಳನ್ನು ಹಿಡಿಯುತ್ತದೆ. ಆದಕಾರಣ ನೆಲಕ್ಕೆ ಹರಿದ ಹಂಬುಗಳನ್ನು ಮಳೆಗೆ ಮೊದಲು ಕತ್ತರಿಸಿ ಅಥವಾ ಮೇಲಕ್ಕೆ ಕಟ್ಟಿ, ಬಳ್ಳಿಗೆ ಇದೇ ಬೋರ್ಡೋ ಹೊಡೆದು, ಬುಡಕ್ಕೆ ಲೀಟರಿಗೆ 2 ಗ್ರಾಂನಂತೆ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರನ್ನು ಸುರಿಯಬೇಕು. ಬುಡಕ್ಕೆ ಟ್ರೈಕೋಡರ್ಮಾ ಹಾಕುವವರು ತಾಮ್ರದ ಔಷಧಿಯ ಜೊತೆಯಲ್ಲಿ ಅದನ್ನು ಹಾಕದೆ ಸಾಕಷ್ಟು ದಿನಗಳ ಅಂತರ ಕೊಡಬೇಕು. ಇಲ್ಲವಾದರೆ ತಾಮ್ರ ಆ ಉಪಕಾರಿ ಶಿಲೀಂಧ್ರವನ್ನೂ ಕುಗ್ಗಿಸುತ್ತದೆ.