ಗಡಸು ನೀರಿನ ಊರಿನವರಿಗೆ ಬಟ್ಟೆ ಒಗೆಯುವ ಲಿಕ್ವಿಡ್

ಅರಸೀಕೆರೆಯ ನಮ್ಮ ಮನೆಗೆ ಬರೋದು ಬೋರ್‌ವೆಲ್ ನೀರು. ಅಕ್ಕನ ಮನೆ ಸಕಲೇಶಪುರದ ಹತ್ತಿರ. ಅಲ್ಲಿ ತೆರೆದ ಬಾವಿ, ಮಳೆನೀರಿನ ಹಾಗೆ ಮೆದು ನೀರು. ಎರಡೂ ಹಾಸನ ಜಿಲ್ಲೆಯೇ. ಆದರೆ ನಾನು ಮಾಡುವ ಒಂದೇ ಲಿಕ್ವಿಡ್ ಅಲ್ಲಿ ಒಂದು ಮುಚ್ಚಳ ಹಾಕಿದರೆ ಸಾಕು, ಇಲ್ಲಿ ಎರಡು ಹಾಕಿದರೂ ಕಾಲರಿನ ಕೊಳೆ ಪೂರ್ತಿ ಬಿಡುವುದಿಲ್ಲ. ಅದಕ್ಕೇ ಲಿಕ್ವಿಡ್ ಮಾಡೋದು ಕಲಿಯಲು ಬಂದವರನ್ನು ನಾನು ಮೊದಲು ಕೇಳುವುದು ನೀರಿನ ಬಗ್ಗೆ.

ಪರೀಕ್ಷೆ ಸುಲಭ. ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಿಮ್ಮ ನಲ್ಲಿ ನೀರು ಹಾಕಿ. ಮೈಗೆ ಹಚ್ಚುವ ಸೋಪಿನ ಸಣ್ಣ ಚೂರು ಎರಡಕ್ಕೂ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮಳೆನೀರಿನಲ್ಲಿ ನೊರೆ ಏಳುತ್ತದೆ. ಗಡಸು ನೀರಾದರೆ ನೊರೆ ಕಮ್ಮಿ, ಮೇಲೆ ಒಡೆದ ಹಾಲಿನಂಥ ಬಿಳಿ ಚೂರು ತೇಲುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಗಟ್ಟಿ ಮಾಡಿದ್ದು ಅದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರು ಸಿಗದೇ ಇದ್ದರೆ 600ರವರೆಗೆ.

ಈಗ ಒಂದು ಲೆಕ್ಕ ನೋಡಿ. 500 ಮಿಲಿಗ್ರಾಂ ಗಡಸುತನದ ನೀರು ಬಕೆಟ್ಟಿನಲ್ಲಿ 15 ಲೀಟರ್ ಇದೆ ಅಂದ್ಕೊಳ್ಳಿ. ಅದರ ಕ್ಯಾಲ್ಸಿಯಂ ಪೂರ್ತಿ ಕಟ್ಟಿಹಾಕಲು ಲಿಕ್ವಿಡ್‌ನ ಮುಖ್ಯ ಡಿಟರ್ಜೆಂಟ್ ಸುಮಾರು 50 ಗ್ರಾಂ ಬೇಕು. ನಾವು ಹಾಕುವ 40 ಮಿಲಿ ಲಿಕ್ವಿಡ್‌ನಲ್ಲಿ ಅದು ಇರೋದು 3 ಗ್ರಾಂ ಚಿಲ್ಲರೆ! ಬಟ್ಟೆಯ ಕೊಳೆಗೆ ಏನು ಉಳಿಯುತ್ತೆ? ಅದೇ ಕೆಲಸಕ್ಕೆ ವಾಷಿಂಗ್ ಸೋಡಾ ಪುಡಿ, ಅಂದರೆ ಸೋಡಾ ಆ್ಯಶ್, ಬರೀ 8 ಗ್ರಾಂ ಸಾಕು. ಆದ್ದರಿಂದ ನಮ್ಮ ಕಡೆ, ಕಡೂರಿನ ಕಡೆ ಬೋರ್‌ವೆಲ್ ನೀರು ಬಳಸುವವರು ಮೊದಲು ಬಕೆಟ್ಟಿನ ನೀರಿಗೆ ಎರಡು ಟೀ ಚಮಚ ಸೋಡಾ ಆ್ಯಶ್ ಕರಗಿಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಮೇಲಿನ ತಿಳಿ ನೀರಿಗೆ ಲಿಕ್ವಿಡ್ ಹಾಕಿ. ಹರಳು ಸೋಡಾ ಆದರೆ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು, ಅದರಲ್ಲಿ ನೀರಿನಂಶವೇ ಹೆಚ್ಚು. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಬೇಡವೇ ಬೇಡ, ನೂಲು ಹಾಳಾಗುತ್ತದೆ.

ಇನ್ನು ಲಿಕ್ವಿಡ್. 10 ಲೀಟರಿಗೆ ನನ್ನ ಅಳತೆ ಇದು: ಆಸಿಡ್ ಸ್ಲರಿ (96 ಪರ್ಸೆಂಟಿನದು) 800 ಗ್ರಾಂ, ಕಾಸ್ಟಿಕ್ ಸೋಡಾ 100 ಗ್ರಾಂ, 70 ಪರ್ಸೆಂಟಿನ ಎಸ್‌ಎಲ್‌ಇಎಸ್ ಪೇಸ್ಟ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್, ಇದೂ ಒಂದು ಡಿಟರ್ಜೆಂಟ್) 700 ಗ್ರಾಂ, ನಾನ್ ಅಯಾನಿಕ್ (ವಿದ್ಯುದಂಶವಿಲ್ಲದ ಡಿಟರ್ಜೆಂಟ್) 200 ಗ್ರಾಂ, ಸೋಡಿಯಂ ಸಿಟ್ರೇಟ್ (ಕ್ಯಾಲ್ಸಿಯಂ ಹಿಡಿದಿಡುವ ಲವಣ) 150 ಗ್ರಾಂ. ಉಪ್ಪು 100 ಗ್ರಾಂ ಪಕ್ಕದಲ್ಲಿಟ್ಟುಕೊಳ್ಳಿ, ಅಷ್ಟೂ ಬೇಕಾಗಲಿಕ್ಕಿಲ್ಲ. ಬಣ್ಣ, ಸುಗಂಧ ನಿಮ್ಮ ಇಷ್ಟ, ಅವುಗಳಿಂದ ಕೊಳೆ ಹೋಗುವುದಿಲ್ಲ.

ಸ್ಲರಿ ಅಂದರೆ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನಿಕ್ ಆಸಿಡ್. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಉದ್ದ ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಜಿಡ್ಡಿಗೆ ಅಂಟಿ ಸುತ್ತುವರಿಯುತ್ತವೆ, ತಲೆಗಳು ನೀರಿನ ಕಡೆ ನಿಂತು ಜಿಡ್ಡನ್ನು ಬಟ್ಟೆಯಿಂದ ಎತ್ತಿಕೊಂಡು ಹೋಗುತ್ತವೆ. ಹಳೇ ಡಿಟರ್ಜೆಂಟಿನ ಬಾಲ ಕವಲೊಡೆದಿತ್ತು. ನದಿಯ ಸೂಕ್ಷ್ಮಜೀವಿಗಳಿಗೆ ಅದನ್ನು ಬೇಗ ಒಡೆಯಲು ಆಗದೆ ಹೊರದೇಶಗಳಲ್ಲಿ ನದಿ ತುಂಬ ನೊರೆ ನಿಲ್ಲುತ್ತಿತ್ತು. 1960ರ ದಶಕದಲ್ಲಿ ನೇರ ಬಾಲದ್ದು ಬಂದ ಮೇಲೆ ಆ ಕಾಟ ಕಮ್ಮಿಯಾಯಿತು. ನಮ್ಮ ಬಚ್ಚಲ ನೀರೂ ಒಂದಲ್ಲ ಒಂದು ದಾರಿಯಲ್ಲಿ ಹಳ್ಳಕ್ಕೋ ಕೆರೆಗೋ ಸೇರುತ್ತೆ ಅಲ್ವಾ? ಅದಕ್ಕೇ ಕೊಳ್ಳುವಾಗ ಲೀನಿಯರ್, ಅಂದರೆ ನೇರ ಬಾಲದ್ದು, ಹೌದಾ ಅಂತ ಕೇಳಿ. ಎಸ್‌ಎಲ್‌ಇಎಸ್ ಗಡಸು ನೀರನ್ನು ಸ್ಲರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನಾನ್ ಅಯಾನಿಕ್‌ಗೆ ಕ್ಯಾಲ್ಸಿಯಂ ಅಂಟುವುದೇ ಇಲ್ಲ, ಎಣ್ಣೆ ಜಿಡ್ಡಿಗೂ ಒಳ್ಳೇದು. ಕಾಸು ಉಳಿಸಲು ಅದನ್ನು ಬಿಡುವವರಿದ್ದಾರೆ. ನಮ್ಮ ನೀರಿಗೆ ಅದು ಬೇಕೇ ಬೇಕು.

ಮಾಡುವ ನೀರು ಮಳೆಯದ್ದೋ ಆರ್‌ಓದ್ದೋ ಆಗಿರಲಿ. ಹಿಂದಿನ ರಾತ್ರಿ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ 6 ಲೀಟರ್ ನೀರು ಹಾಕಿ, ಪೇಸ್ಟನ್ನು ಅದಕ್ಕೆ ಸೇರಿಸಿ ಬಿಡಿ. ಪೇಸ್ಟಿನ ಮೇಲೆ ಸ್ವಲ್ಪ ಸ್ವಲ್ಪ ನೀರು ಹೊಯ್ಯಬೇಡಿ. ಹಾಗೆ ಮಾಡಿದರೆ ಅದು ತೆಳ್ಳಗಾಗುವ ಬದಲು ಕಲ್ಲಿನಂಥ ಜೆಲ್ ಆಗಿ ಕೂರುತ್ತದೆ. ಬೆಳಿಗ್ಗೆ ನಿಧಾನವಾಗಿ ತಿರುಗಿಸಿದರೆ ಗಂಟು ಕರಗಿರುತ್ತದೆ.

ಮುಂದಿನ ಕೆಲಸಕ್ಕೆ ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹೊರಗೆ ಕಳಿಸಿ. ಅರ್ಧ ಲೀಟರ್ ತಣ್ಣೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪ ಹಾಕಿ. ಯಾವತ್ತೂ ಕಾಸ್ಟಿಕ್ ಮೇಲೆ ನೀರು ಸುರಿಯಬೇಡಿ, ಬಿಸಿಯಾಗಿ ಸಿಡಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗಿಂತ ಹೆಚ್ಚು ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಕಾಸ್ಟಿಕ್ ನೀರು ಆರಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು ಡ್ರಮ್ಮಿಗೆ ಹಾಕಿ. ಸ್ಲರಿಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ತಿರುಗಿಸಿ. ಲೆಕ್ಕದ ಪ್ರಕಾರ 800 ಗ್ರಾಂ ಸ್ಲರಿಗೆ 96 ಗ್ರಾಂ ಕಾಸ್ಟಿಕ್ ಬೇಕು. ಆದರೆ ಸ್ಲರಿಯೂ ಕಾಸ್ಟಿಕ್ಕೂ ಚೀಲದಿಂದ ಚೀಲಕ್ಕೆ ಬದಲಾಗುತ್ತವೆ. ಲೆಕ್ಕ ನಂಬಿ ಸುಮ್ನೆ ಇರಬೇಡಿ, ಪಿಎಚ್ ಪಟ್ಟಿ (ಹುಳಿಯೋ ಕ್ಷಾರವೋ ತೋರಿಸುವ ಕಾಗದ) ಅದ್ದಿ ನೋಡಿ. 8ರ ಆಸುಪಾಸು ಬರಬೇಕು. ಕಮ್ಮಿ ಇದ್ದರೆ ಉಳಿಸಿದ ಕಾಸ್ಟಿಕ್ ನೀರನ್ನು ಚಮಚ ಚಮಚ ಸೇರಿಸಿ. ಆಮೇಲೆ ನಾನ್ ಅಯಾನಿಕ್, ಕರಗಿಸಿದ ಸಿಟ್ರೇಟ್, ಉಳಿದ ನೀರು.

ಉಪ್ಪು ಕೊನೆಗೆ. ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಲಿಕ್ವಿಡ್ ದಪ್ಪವಾಗುತ್ತದೆ. ಒಂದು ಹಂತ ದಾಟಿದರೆ ಮತ್ತೆ ನೀರಾಗಿಬಿಡುತ್ತದೆ, ಕೆಲವೊಮ್ಮೆ ಮಸುಕೂ ಆಗುತ್ತದೆ. ಆಮೇಲೆ ಇನ್ನಷ್ಟು ಉಪ್ಪು ಹಾಕಿ ಪ್ರಯೋಜನವಿಲ್ಲ. ದಪ್ಪ ಬಂದಿದ್ದು ಉಪ್ಪಿನಿಂದ. ಗಿರಾಕಿಗಳು ಬಾಟಲಿ ಓರೆ ಮಾಡಿ ದಪ್ಪ ನೋಡಿ ಕೊಳ್ಳುತ್ತಾರೆ, ನೊರೆ ನೋಡಿ ಮೆಚ್ಚುತ್ತಾರೆ. ಎರಡೂ ಕೊಳೆ ತೆಗೆಯುವ ಶಕ್ತಿಯ ಅಳತೆಯಲ್ಲ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಕೆಡದಂತೆ ಸೋಡಿಯಂ ಬೆಂಜೋಯೇಟ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ಕೆಲಸ ಮಾಡೋದು ಹುಳಿ ಇದ್ದಲ್ಲಿ, ಪಿಎಚ್ 8ರಲ್ಲಿ ದಂಡ. ಬಿಐಟಿ ಅನ್ನುವ ಪ್ರಿಸರ್ವೇಟಿವ್ ಕೇಳಿ, ಡಬ್ಬಿಯ ಮೇಲಿನ ಅಳತೆ ಮೀರಬೇಡಿ.

ಕಾಫಿ ಹಣ್ಣಿನ ರಸ, ಅಡಿಕೆ ಚೊಗರಿನ ಕಲೆ ಇದ್ದರೆ ಮೊದಲು ಬರೀ ತಣ್ಣೀರಲ್ಲಿ ಹಿಂಡಿ. ನೇರವಾಗಿ ಸೋಡಾ ನೀರಿಗೆ ಹಾಕಿದರೆ ಕಲೆ ಇನ್ನೂ ಕಪ್ಪಾಗುತ್ತದೆ. ಮುಂದೆ ಬಾಗಿಲಿರುವ ಮೆಷಿನ್ನಿಗೆ ಈ ಲಿಕ್ವಿಡ್ ಹಾಕಬೇಡಿ, ನೊರೆ ತುಂಬಿಕೊಳ್ಳುತ್ತದೆ. ಸೋಡಾ ಬೆರೆತ ನೀರನ್ನು ದಿನಾ ಒಂದೇ ತೆಂಗಿನ ಬುಡಕ್ಕೆ ಬಿಡಬೇಡಿ. ಸೋಡಿಯಂ ಕೂಡಿಕೊಂಡು ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಕೊನೆಯ ಜಾಲಾಡಿದ ನೀರನ್ನು ಮಾತ್ರ ಬೇರೆ ಬೇರೆ ಮರಕ್ಕೆ ತಿರುಗಿಸಿ ಬಿಡಿ.