ಚಾಪೆ ಹಾಸಿದ ಮೇಲೆ ಬೋಣಿಗೆ ಕಾದಿಲ್ಲ

ಜಾತ್ರೆಯಲ್ಲಿ ಚನ್ನಪಟ್ಟಣದ ಮರದ ಆಟಿಕೆ ಹೋಗಲ್ಲ, ಪ್ಲಾಸ್ಟಿಕ್ಕೇ ಗತಿ ಅಂತ ನನಗೆ ಬುದ್ಧಿ ಹೇಳಿದವರೇ ಜಾಸ್ತಿ. ಈ ಸಲ ಸುತ್ತೂರು ಜಾತ್ರೆಯಲ್ಲಿ ಅವರಲ್ಲೇ ಒಬ್ಬರು ಬಂದು, "ಅಣ್ಣ, ಆ ಹರಿವಾಣ ಎಲ್ಲಿ ಸಿಕ್ತು?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಮೇಜು ಹಾಕಿ, ಮೆಟ್ಟಿಲು ಕಟ್ಟಿ ಮಾಲು ಜೋಡಿಸುತ್ತಿದ್ದೆ. ಅದು ಕಾಣುವುದು ಅಪ್ಪ ಅಮ್ಮನಿಗೆ. ಅವರು ಚೌಕಾಸಿ ಮಾಡಿ, "ಬರ್ತಾ ನೋಡೋಣ" ಅಂತಾರೆ. ಬರೋದು ಬೇರೆ ದಾರಿಯಲ್ಲಿ. ಐದು ವರ್ಷದ ಮಗುವಿಗೆ ಕಾಣುತ್ತಿದ್ದುದು ಮೇಜಿಗೆ ಸುತ್ತಿದ ಬಟ್ಟೆ ಮಾತ್ರ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೂ ಆಸೆಪಟ್ಟು ಹೋಗಿದ್ದೆ. ಜಾಗಕ್ಕೇ ಹತ್ತಿರ ಹತ್ತಿರ 40 ಸಾವಿರ ಬಿತ್ತು. ಸಾಲದ್ದಕ್ಕೆ ಬಿಸಿಲು. ತಗಡಿನ ಪೆಟ್ಟಿಗೆಯಲ್ಲಿ ಕವರು ಸಮೇತ ಇಟ್ಟಿದ್ದ ಆಟಿಕೆಗಳ ಮೇಲೆ ಬಣ್ಣಕ್ಕೆ ಬಳಿದ ಅರಗು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿದರೆ ಹೊಳಪೆಲ್ಲ ಹೋಗಿ ಕವರಿನ ಗೆರೆ ಮೂಡಿತ್ತು. ಆರೇಳು ಸಾವಿರದ ಮಾಲು ಹಾಳಾಯಿತು. ಈಗ ಹಳೇ ಪೇಪರಿನಲ್ಲಿ ಸುತ್ತುತ್ತೇನೆ, ಅಷ್ಟೇ ಸಾಕು.

ತುಮಕೂರಿನ ಸಿದ್ಧಗಂಗೆ ಜಾತ್ರೆಗೆ ಮೇಜು ಒಯ್ಯಲೇ ಇಲ್ಲ. ಅಂಗಡಿ ಮುಂದೆ ದೊಡ್ಡ ಚಾಪೆ ಹಾಸಿ ಬುಗುರಿ, ಗಿಲಕಿ, ಎಳೆಯುವ ಗಾಡಿ ಸುರಿದೆ. ಆಡಿ ನೋಡಲಿ, ಕೊಳ್ಳದಿದ್ದರೂ ಪರವಾಗಿಲ್ಲ. "ದಿವಾಳಿ ಆಗ್ತೀಯ, ಅರ್ಧ ಕದ್ದುಕೊಂಡು ಹೋಗ್ತಾರೆ" ಅಂದರು ಪಕ್ಕದ ಬೆಂಡು ಬತ್ತಾಸಿನವರು. ಕಳ್ಳತನ ಆಗಲ್ಲ ಅಂತಲ್ಲ. ದಿನಕ್ಕೆ ನಾಲ್ಕೈದು ಬುಗುರಿ ಹೋಗುತ್ತವೆ. ನನಗೆ ಬೀಳುವುದು ಒಂದಕ್ಕೆ 12 ರೂಪಾಯಿ. ಲೆಕ್ಕ ನೀವೇ ಹಾಕಿ.

ತೊಂದರೆ ಆಗಿದ್ದು ಬೇರೆ ಕಡೆ. ಚಾಪೆ ಮೇಲೆ ಬುಗುರಿ ತಿರುಗಲ್ಲ. ಪ್ಲೈವುಡ್ ಇಟ್ಟೆ, ಉರುಳಿ ದನದ ಕಾಲಿಗೆ ಹೋದವು. ಆಮೇಲೆ ಮನೆಯಿಂದ ಸ್ಟೀಲಿನ ದೊಡ್ಡ ಹರಿವಾಣ ತಂದೆ. ನಾಲ್ಕು ಮಕ್ಕಳು ಒಟ್ಟಿಗೆ ತಿರುಗಿಸಿದರೆ ಬುಗುರಿಗಳೆಲ್ಲ ಅಂಚಿಗೆ ಬಡಿದು ನಡುವಿಗೆ ಬರುತ್ತವೆ, ಟಣಟಣ ಅಂತ ಗುದ್ದಾಡುತ್ತವೆ. ಆ ಸದ್ದಿಗೇ ಇನ್ನಷ್ಟು ಮಕ್ಕಳು ಅಮ್ಮನ ಕೈ ಕೊಸರಿಕೊಂಡು ಓಡಿ ಬರುತ್ತಾರೆ. ಹರಿವಾಣದ ಕೆಳಗೆ ನಾನು ಒಂದು ವಸ್ತು ಇಡುತ್ತೇನೆ, ಸದ್ದು ಎರಡರಷ್ಟಾಗುತ್ತದೆ. ಅದೇನು ಅಂತ ಮಾತ್ರ ಕೇಳಬೇಡಿ.

ಬೆಲೆ ಮಗುವಿಗೆ ತಿಳಿಯುವ ಹಾಗಿರಬೇಕು. ಒಂದಕ್ಕೆ 20, ಮೂರಕ್ಕೆ 50. ಅಜ್ಜಿ ಜಾತ್ರೆ ಖರ್ಚಿಗೆ ಅಂತ ಕೊಟ್ಟ ನೋಟು ಮುಷ್ಟಿಯಲ್ಲಿ ಬೆವೆತು ಮುದ್ದೆಯಾಗಿರುತ್ತದೆ. ಅದನ್ನು ಮಗುವಿನ ಕೈಯಿಂದಲೇ ತಗೊಳ್ಳಿ, ಚಿಲ್ಲರೆಯನ್ನೂ ಅದರ ಕೈಗೇ ಕೊಡಿ. "ಯಾವ ಬಣ್ಣ ಬೇಕು ಪುಟ್ಟಾ?" ಅಂದರೆ ಅದು ಹತ್ತು ನಿಮಿಷ ಯೋಚಿಸುತ್ತದೆ. ಅಷ್ಟರಲ್ಲಿ ನಿಂತು ನಿಂತು ಬೇಜಾರಾದ ಅಮ್ಮ ಹಿಂದಿನ ಸಾಲಿನ 250ರ ಅಡುಗೆ ಸೆಟ್ಟು ಎತ್ತಿ ನೋಡುತ್ತಾರೆ. ಲಾಭ ಇರುವುದು ಅಲ್ಲಿ. ಸುತ್ತೂರಿನಲ್ಲಿ ಎಲ್ಲ ಖರ್ಚು ಕಳೆದು 20 ಸಾವಿರದ ಮೇಲೆ ಉಳಿಯಿತು.

ನಡುವೆ ಬುಗುರಿ ಮೇಲೆ ಮಗುವಿನ ಹೆಸರು ಬರೆದುಕೊಡುವುದನ್ನೂ ಮಾಡಿ ನೋಡಿದೆ. ಚೆನ್ನಾಗಿ ಓಡಿತು. ಆದರೆ ಬರೆಯುವ ಕೈ ನನ್ನದೊಂದೇ. ಸಾಲಿನಲ್ಲಿ ಕಾದು ಕಾದು ಮಕ್ಕಳು ಅಳೋದು, ಅಪ್ಪಂದಿರು ಎಳೆದುಕೊಂಡು ಹೋಗೋದು. ಸಂಜೆಗೇ ಬಿಟ್ಟೆ. ಕೈಕೆಳಗೆ ಒಬ್ಬ ಹುಡುಗ ಇದ್ದರೆ ನೀವು ಮಾಡಿ ನೋಡಬಹುದು.

ಒಂದು ಮಾತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇದು ನಡೆಯಲ್ಲ. ಕಡೇ ಕಾರ್ತಿಕ ಸೋಮವಾರದ ಸಂಜೆ ಬುಲ್ ಟೆಂಪಲ್ ರಸ್ತೆಯಲ್ಲಿ ಚಾಪೆ ಹಾಸಿದರೆ ಜನ ತುಳಿದುಕೊಂಡೇ ಹೋಗುತ್ತಾರೆ. ಆ ನೂಕುನುಗ್ಗಲಲ್ಲಿ ಸಣ್ಣ ಮಕ್ಕಳೆಲ್ಲ ಅಪ್ಪನ ಹೆಗಲ ಮೇಲಿರುತ್ತಾರೆ. ಅಲ್ಲಿಗೆ ಬಿದಿರು ಗಳಕ್ಕೆ ಅಡ್ಡ ಹಗ್ಗ ಬಿಗಿದು, ಗಿಲಕಿಗಳನ್ನು ನನ್ನ ತಲೆಗಿಂತ ಒಂದಡಿ ಮೇಲೆ ಕಟ್ಟುತ್ತೇನೆ. ಹೆಗಲ ಮೇಲಿನ ಮಗು ಒಂದು ಸಲ ಹಿಡಿದರೆ ಸಾಕು, ಅಪ್ಪ ನಿಲ್ಲಲೇಬೇಕು.